ಮಾತ್ರೆಯ ಡಬ್ಬಿ

ಸವಾರನಿಗೆ ಸಿಟ್ಟು ಬಂದರೆ ಅವನಿಗಿಂತ ಮೊದಲು ಕುದುರೆಗೆ ಗೊತ್ತಾಗುತ್ತದೆ ಎಂದು ಸವಾರಿಗೆ ದಾರಿ ತೋರಿಸುವ ಲಿನ್ ನಿನ್ನೆ ಹೇಳಿದ್ದಳು. ಅದು ಸುಳ್ಳೆಂದು ಮೃತ್ಯುಂಜಯನಿಗೆ ಈಗ ಖಾತ್ರಿಯಾಗಿತ್ತು. ನಿಜವಾಗಿದ್ದರೆ ಮೇಜರ್ ಎಂಬ ಈ ದಪ್ಪ ಕಾಲಿನ, ಕಂದು-ಬಿಳಿ ಮಚ್ಚೆಯ ಕುದುರೆ ಇಷ್ಟು ಹೊತ್ತಿಗೆ ಅವನನ್ನು ಪಕ್ಕದ ಕಲ್ಲುಗೋಡೆಯ ಆಚೆ ಎಸೆದಿರಬೇಕಿತ್ತು. ಎಸೆಯಲಿಲ್ಲ. ಮುಂದಿನ ಕುದುರೆಯ ಬಾಲಕ್ಕೆ ಮೂಗು ತಾಗಿಸಿಕೊಂಡು, ಆಗಾಗ ದಾರಿಬದಿಯ ಹುಲ್ಲಿಗೆ ಕತ್ತು ಚಾಚಿ ಅವನ ಕೈಯಿಂದ ಲಗಾಮು ಎಳೆದುಕೊಳ್ಳುತ್ತ ಅದು ಡರ್ಬಿಶೈರಿನ ಗುಡ್ಡ ಹತ್ತುತ್ತಿತ್ತು. ಹುಲ್ಲಿಗೆ ಬಾಯಿ ಹಾಕಿದಾಗಲೆಲ್ಲ ಎಲ್ಲರಿಗಿಂತ ಮುಂದಿದ್ದ ಲಿನ್ ತಿರುಗಿ, ಬಿಡಬೇಡ ಡಕ್, ಯಾರು ಯಜಮಾನ ಅಂತ ತೋರಿಸು ಎನ್ನುತ್ತಿದ್ದಳು. ಡಕ್. ಈ ಕಡೆಯವರು ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಾಗಲೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ಬೀಸ್ಟನ್ನಿನಲ್ಲಿ ಮನೆ ಮಾಡಿ ಇಷ್ಟು ವರ್ಷವಾದ ಅವನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಜನಕ್ಕೆ ಅರಿವಳಿಕೆ ಕೊಟ್ಟು ಮತ್ತೆ ಎಚ್ಚರಿಸುವುದನ್ನೇ ಇಡೀ ಜೀವನದ ಕೆಲಸ ಮಾಡಿಕೊಂಡ ಮನುಷ್ಯನನ್ನು ಕುದುರೆಯ ಮೇಲೆ ಕೂರಿಸಿ ಬಾತುಕೋಳಿ ಎಂದರೆ, ಎಂದವಳ ದನಿ ಎಷ್ಟೇ ಮೃದುವಾಗಿದ್ದರೂ, ಅವನ ಕಿವಿಯ ಹಿಂದೆ ಏನೋ ಬಿಸಿಯಾಗುತ್ತಿತ್ತು.

ಮುಂದೆ ಮೇಧಾಳ ಬೆನ್ನು ಕಾಣುತ್ತಿತ್ತು. ನೆಟ್ಟಗಿನ, ತನ್ನ ಕುದುರೆಯೊಂದಿಗೆ ಸಲೀಸಾಗಿ ಏರಿಳಿಯುವ ಬೆನ್ನು. ಲೀಡ್ಸಿನಲ್ಲಿ ಓದುವಾಗ ಸವಾರಿ ಕಲಿತು, ಈಗ ಅಲ್ಲೇ ಹೆಡಿಂಗ್ಲೀಯಲ್ಲಿ ಮನೆ ಹಿಡಿದು ಕೆಲಸಕ್ಕೆ ಹೋಗುತ್ತಿರುವ ಮಗಳು ಅಪ್ಪನಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಈ ರಜೆ ಕೊಟ್ಟಿದ್ದಳು. ಹಗಲು ಕುದುರೆಯ ಮೇಲೆ, ರಾತ್ರಿ ಒಂದು ಹಳೆಯ ಪಬ್ಬಿನಲ್ಲಿ. ಮರುದಿನ ಅಲ್ಲಿಂದ ಮುಂದಿನ ಪಬ್ಬಿಗೆ. ಬ್ಯಾಗುಗಳು ವ್ಯಾನಿನಲ್ಲಿ ಬರುತ್ತವೆ. ನಾವಿಬ್ಬರೇ ಹೋಗೋಣ ಅಪ್ಪಾ ಎಂದಿದ್ದಳು. ಆ ಒಂದು ಮಾತಿಗಾಗಿ ಅವನು ಚಳಿಗಾಲವಿಡೀ ಶನಿವಾರದ ಬೆಳಗ್ಗೆಗಳಲ್ಲಿ, ಮರಳು ಹಾಕಿದ ಅಂಗಳವೊಂದರಲ್ಲಿ, ಶಾಲೆಯ ಮಕ್ಕಳ ಗಿಡ್ಡ ಕುದುರೆಗಳ ಹಿಂದೆ ಸುತ್ತು ಹೊಡೆದು ಸವಾರಿ ಕಲಿತಿದ್ದ. ಇದನ್ನು ಅವಳಿಗೆ ಹೇಳಿರಲಿಲ್ಲ. ಬಂದು ನೋಡಿದರೆ ಇಬ್ಬರೇ ಅಲ್ಲ, ಲೀಡ್ಸಿನ ಗಂಡ ಹೆಂಡತಿ ಬೇರೆ ಇದ್ದರು. ಆ ಗಂಡನ ಹೆಸರು ಕಾಲಿನ್, ನಿವೃತ್ತ ಹೆಡ್‌ಮಾಸ್ಟರು. ತಾನು ಹೇಳಿದ ಪ್ರತಿ ಜೋಕಿನ ನಂತರ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹಾಜರಿ ತೆಗೆದುಕೊಳ್ಳುವಂತೆ ಎಲ್ಲರ ಮುಖ ನೋಡುತ್ತಿದ್ದ. ಮೇಧಾ ನಗುತ್ತಿದ್ದಳು. ಅಪ್ಪನೊಂದಿಗೆ ನಿನ್ನೆ ಬೆಳಗ್ಗೆಯಿಂದ ಅವಳು ಆಡಿದ್ದು ಲಗಾಮಿನ ಬಗ್ಗೆ, ಹೆಲ್ಮೆಟ್ಟಿನ ಬಗ್ಗೆ ಮಾತ್ರ.

ಯಾಕೆಂದು ಅವನಿಗೆ ಗೊತ್ತಿತ್ತು. ನಿನ್ನೆ ಲಾಯದ ಅಂಗಳದಲ್ಲಿ ಮೇಜರನ ಮೇಲೆ ಹತ್ತಲು ಬಾಗಿದಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ಕರಡಿಗೆ ಹೊರಕ್ಕೆ ಬಿದ್ದು ಜೋತಾಡಿತು. ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಕೊರಳಿಗೆ ಬಂದದ್ದು. ಶಿವದಾರವನ್ನು ಅವ್ವ ಕಾಶೀಬಾಯಿ ಈಗಲೂ ತಾನೇ ಬದಲಿಸುತ್ತಾಳೆ. ಕಾಲಿನ್ ಅದನ್ನು ನೋಡಿ, ಗಂಟೆ ಕಟ್ಟಬೇಕಾದದ್ದು ಕುದುರೆಗೆ, ಸವಾರನಿಗಲ್ಲ ಎಂದ. ಎಲ್ಲರ ಮುಖ ನೋಡಿದ. ಲಿನ್ ನಗಲಿಲ್ಲ. ಕೊರಳಲ್ಲಿ ಜೋತಾಡುವಂಥದ್ದು ಏನೂ ಇರಬಾರದು, ಕೊಂಬೆಗೆ ಸಿಕ್ಕಿಕೊಂಡರೆ ಕಷ್ಟ, ಅದೇನು ಎಂದು ಕೇಳಿದಳು. ಸರಳ ಪ್ರಶ್ನೆ. ಕೇಳಿದವಳಿಗೆ ಉತ್ತರ ಏನಾದರೂ ಆಗುತ್ತಿತ್ತು. ಅವನು ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ನೆಲದ ಮೇಲೆ ಇಟ್ಟುಕೊಂಡು, ಪಿಲ್ ಬಾಕ್ಸ್ ಎಂದ. ನನ್ನ ಮಾತ್ರೆಗಳು. ಹಾಗಾದರೆ ಒಳಗೆ ಸೇರಿಸಿಕೋ, ಕಳಕೊಳ್ಳಬೇಡ ಎಂದು ಅವಳು ಮುಂದಿನ ಕುದುರೆಯ ಪಟ್ಟಿ ಬಿಗಿಯಲು ಹೋದಳು. ಮೇಧಾ ಆಗಲೇ ಹತ್ತಿ ಕೂತಿದ್ದಳು. ಮೇಲಿನಿಂದ ಅವನನ್ನು ನೋಡಿದಳು. ಏನಾದರೂ ಕೇಳಿದ್ದರೆ ಅವನು ಹೇಳುತ್ತಿದ್ದ: ಯಾರಿಗೆ ವಿವರಿಸುತ್ತ ಕೂರುವುದು, ಆ ಕಾಲಿನ್‌ಗಾ, ಲಿಂಗ ಅನ್ನುವ ಶಬ್ದ ಕೇಳಿ ಈ ದೇಶದವರು ಏನು ತಿಳಿದುಕೊಳ್ಳುತ್ತಾರೆ ಗೊತ್ತಿಲ್ಲವಾ ನಿನಗೆ. ಉತ್ತರ ಸಿದ್ಧವಿತ್ತು. ಅವಳು ಕೇಳಲಿಲ್ಲ.

ದಾರಿ ಈಗ ಎರಡು ಗೋಡೆಗಳ ನಡುವೆ ಕಿರಿದಾಯಿತು. ಸುಣ್ಣಗಲ್ಲಿನ ಚೂರು ಗೊರಸಿಗೆ ಸಿಕ್ಕಿ ಜಾರುತ್ತಿತ್ತು. ಅದೇ ಶಬ್ದ, ಮಕ್ಕಳ ಬೂಟಿನ ಕೆಳಗೆ ಜಲ್ಲಿ ಸರಿಯುವ ಶಬ್ದ, ಹಿಂದೆ ಮೇಧಾಳ ಶಾಲೆಯ ಮೈದಾನದ ಅಂಚಿನಲ್ಲೂ ಇತ್ತು. ಮೇಧಾ ಆಗ ಆರನೆಯ ತರಗತಿ ದಾಟಿದ್ದಳು. ಆಟದ ಪೀರಿಯಡ್ಡಿನಲ್ಲಿ ಅವಳ ಕೊರಳಿನ ಲಿಂಗವನ್ನು ತೆಗೆಯಬೇಕು ಎಂದು ಟೀಚರು ಹೇಳಿದ್ದರು. ಅವನು ಆಸ್ಪತ್ರೆಯಿಂದ ನೇರ ಟೈ ಕಟ್ಟಿಕೊಂಡೇ ಹೋಗಿ ಜಗಳ ಆಡಿದ್ದ. ಇದು ಆಭರಣವಲ್ಲ, ಇದು ದೇಹದ ಭಾಗ ಎಂದು, ಎದುರಿಗಿದ್ದ ದಣಿದ ಹೆಂಗಸು ತಲೆದೂಗುವವರೆಗೂ, ಸರಿಯಾದ ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ. ದಾರಿ ತೋರಿಸಿದವನೂ ಅವನೇ. ಆಪರೇಷನ್ ಥಿಯೇಟರಿನಲ್ಲಿ ಬೆರಳಿನಿಂದ ಬರದ ಉಂಗುರದ ಮೇಲೆ ಟೇಪ್ ಅಂಟಿಸುತ್ತೇವಲ್ಲ, ಹಾಗೆ ಮಾಡಿ ಎಂದ. ಶಾಲೆ ಒಪ್ಪಿತು. ಅವನು ಗೆದ್ದು ಬಂದಿದ್ದ. ಅಂದು ಸಂಜೆ ಅವ್ವ ಮಗನ ತಲೆಯ ಮೇಲೆ ಕೈ ಇಟ್ಟಿದ್ದಳು. ಆಮೇಲೆ ಪ್ರತಿ ಗುರುವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೀಚರು ಮೇಧಾಳ ಎದೆಯ ಮೇಲೆ ಅಗಲವಾದ ಬಿಳಿ ಟೇಪ್ ಅಂಟಿಸುತ್ತಿದ್ದರು. ಉಳಿದ ಹುಡುಗಿಯರು ಸಾಲಾಗಿ ನಿಂತು ನೋಡುತ್ತಿದ್ದರು. ಅದನ್ನು ಅವಳು ಹೇಳಿದ್ದು ದೊಡ್ಡವಳಾದ ಮೇಲೆ, ಒಂದೇ ಸಲ, ಕಾರಿನಲ್ಲಿ, ಮುಂದಿನ ರಸ್ತೆ ನೋಡುತ್ತ. ಆ ಹೊತ್ತಿಗೆ ಲಿಂಗ ಅವಳ ಕೊರಳಲ್ಲಿ ಇರಲಿಲ್ಲ.

ಹಾಗಿರುವಾಗ ಈ ಬೆನ್ನಿಗೆ ಏನು ಹೇಳುವುದು. ಅವನು ಬದಲಿಗೆ ರಾತ್ರಿ ತಂಗಿದ್ದ ಪಬ್ಬಿನ ಮೇಲೆ ಸಿಟ್ಟು ಮಾಡಿಕೊಂಡ. ಓಲ್ಡ್ ಜ್ಯಾಗರ್. ಸಾಮಾನು ಹೊತ್ತ ಕುದುರೆಗಳ ಸಾಲನ್ನು ಈ ಗುಡ್ಡಗಳಲ್ಲಿ ನಡೆಸುತ್ತಿದ್ದವರಿಗೆ ಜ್ಯಾಗರ್ ಎನ್ನುತ್ತಿದ್ದರಂತೆ; ಅಷ್ಟು ಸರಿ. ಆದರೆ ಹೊರಗಿನ ಬೋರ್ಡು ಹೇಳುವ ಇಸವಿಗೂ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ ಇಸವಿಗೂ ನೂರೈವತ್ತು ವರ್ಷಗಳಿಗೂ ಹೆಚ್ಚು ವ್ಯತ್ಯಾಸವಿತ್ತು. ನಿನ್ನೆ ಸಂಜೆ ಅದನ್ನು ಅವನು ಮಾಲಕಿ ಮಿಸೆಸ್ ಹಾಲಂಗೆ ತೋರಿಸಿದ. ಆಕೆ, ಬೋರ್ಡಿಗೆ ಬಣ್ಣ ಹೊಡೆದವನು ಉದಾರಿ ಡಕ್ ಎಂದು ನಕ್ಕು ಹೋದಳು. ಕೆಳಗಿನ ಕೋಣೆಯಲ್ಲಿ ಮೇ ತಿಂಗಳಲ್ಲೂ ಬೆಂಕಿ ಉರಿಯುತ್ತಿತ್ತು. ಮರದ ತೊಲೆಗಳಿಗೆ ಸಾಲಾಗಿ ಹಿತ್ತಾಳೆಯ ಬಿಲ್ಲೆಗಳನ್ನು ಮೊಳೆ ಹೊಡೆದಿದ್ದರು. ಹಳೆಯ ಗಾಡಿಕುದುರೆಗಳ ಎದೆಪಟ್ಟಿಯ ಅಲಂಕಾರ, ಸೂರ್ಯ, ಚಂದ್ರ, ಹೃದಯದ ಆಕಾರ. ಅವನು ಮೇಲಿನ ತನ್ನ ಕೋಣೆಗೆ ಹೋಗಿ ಕರಡಿಗೆ ಬಿಚ್ಚಿ ಹಾಸಿಗೆಯ ಪಕ್ಕದ ಕೊಕ್ಕೆಗೆ ತೂಗುಹಾಕಿ, ಕೆಳಗಿಳಿದು ಬಂದು ಅರ್ಧ ಪೈಂಟ್ ಬಿಯರ್ ಕುಡಿದ. ಕುಡಿಯುವಾಗ ಲಿಂಗ ಮೈಮೇಲೆ ಇರಕೂಡದು, ಮತ್ತೆ ಸ್ನಾನ ಮಾಡಿ ಧರಿಸಬಹುದು. ಆಸ್ಪತ್ರೆಯ ಮೊದಲ ಕ್ರಿಸ್‌ಮಸ್ ಪಾರ್ಟಿಯ ಕಾಲಕ್ಕೆ ಶಿವನ ಜೊತೆ ಮಾಡಿಕೊಂಡ ಒಪ್ಪಂದ. ಶಿವ ಅದಕ್ಕೆ ಒಪ್ಪಿದ್ದನೋ ಇಲ್ಲವೋ, ವಿಚಾರಿಸಿರಲಿಲ್ಲ. ಬೆಳಗ್ಗೆ ತೊಡೆಗಳು ಕಟ್ಟಿಗೆಯಾಗಿದ್ದವು, ಕೆಳಗೆ ಲಿನ್ ಕೂಗುತ್ತಿದ್ದಳು, ಜೀನಿಗೆ ಕೈ ಹಾಕುವಾಗ ಬೀಸ್ಟನ್ನಿನಿಂದ ಅವ್ವನ ಫೋನು.

“ಪೂಜಿ ಆತೇನಪಾ?”

“ಆತವ್ವ” ಎಂದಿದ್ದ. ಕುದುರಿ ಒದ್ದಗಿದ್ದೀತು, ದೂರ ನಿಲ್ಲು ಎಂದು ಅವ್ವ ಹೇಳುತ್ತಿರುವಾಗಲೇ ಫೋನು ಇಟ್ಟಿದ್ದ.

ಊಟಕ್ಕೆ ಗುಡ್ಡದ ನೆತ್ತಿಯಲ್ಲಿ, ಛಾವಣಿ ಕುಸಿದ ಕುರಿದೊಡ್ಡಿಯೊಂದರ ಬಳಿ ಇಳಿದರು. ಇಳಿಯುವಾಗ ಅವನ ಕಾಲು ಜೀನಿಗೆ ಸಿಕ್ಕಿ ಒಂದು ಕ್ಷಣ ಮೇಜರನ ಬೆನ್ನಿನ ಮೇಲೆ ಅಡ್ಡ ಮೂಟೆಯಾಗಿ ಬಿದ್ದಿದ್ದ. ಕಾಲಿನ್ ಬಂದು ಸೊಂಟ ಹಿಡಿದು ಇಳಿಸಿದ, ಸಣ್ಣ ಮಗುವನ್ನು ಉಯ್ಯಾಲೆಯಿಂದ ಇಳಿಸುವ ಹಾಗೆ. ಥ್ಯಾಂಕ್ಯೂ ಎನ್ನಬೇಕಾಯಿತು. ಚೀಸ್ ಸ್ಯಾಂಡ್‌ವಿಚ್ಚಿನ ಕಾಗದ ಬಿಡಿಸಿ, ತುತ್ತಿಗೆ ಮೊದಲು ಎಂದಿನಂತೆ ಎಡಗೈ ಎದೆಗೆ ಹೋಯಿತು. ಅಲ್ಲಿ ಅಂಗಿ ಇತ್ತು. ಅಂಗಿಯ ಕೆಳಗೆ ಬನಿಯನ್ನು. ಅವನು ಇನ್ನೊಮ್ಮೆ ಮುಟ್ಟಿದ. ಆಮೇಲೆ ಜಾಕೆಟ್ಟಿನ ಜೇಬು, ಪ್ಯಾಂಟಿನ ಜೇಬು, ಜೀನಿನ ಚೀಲ. ಪಬ್ಬಿನ ಕೋಣೆಯ ಕೊಕ್ಕೆ ಕಣ್ಣೆದುರಿಗೆ ಬಂತು. ಲಿಂಗ ಹೋದರೆ ಪ್ರಾಣವೂ ಹೋಗಬೇಕು ಎಂದು ಹೇಳಿಕೊಟ್ಟವರಿದ್ದರು. ಹಾಗೆಂದು ಪ್ರಾಣ ಹೋಗಲಿಲ್ಲ. ಜೀನಿನ ಚೀಲಕ್ಕೆ ಇನ್ನೊಮ್ಮೆ ಕೈ ಹಾಕಿದ, ಅಷ್ಟೆ. ಮೇಧಾ ಅವನ ಕೈಗಳನ್ನೇ ನೋಡುತ್ತಿದ್ದಳು.

ಲಿನ್ ಕೂಡ ನೋಡುತ್ತಿದ್ದಳು. “ಮಾತ್ರೆ ಬಿಟ್ಟು ಬಂದೆಯಾ?” ಎಂದು ಕೇಳಿದಳು.

ಪರವಾಗಿಲ್ಲ, ಸಂಜೆ ನೋಡಿಕೊಳ್ಳುತ್ತೇನೆ ಎಂದು ಅವನು ಹೇಳಿದ. ಅವಳು ಬಿಡಲಿಲ್ಲ. ಯಾವುದಕ್ಕೆ ಆ ಮಾತ್ರೆ, ಕೊರಳಿಗೆ ಕಟ್ಟಿಕೊಂಡು ಓಡಾಡುತ್ತೀ ಎಂದರೆ ಹೃದಯದ್ದೇ ಇರಬೇಕು ಎಂದಳು. ಅವನು ಇಲ್ಲವೆನ್ನಲಿಲ್ಲ. ಇಲ್ಲವೆಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಹೃದಯದ ಮಾತ್ರೆ ಇಲ್ಲದವನನ್ನು ತಾನು ಇಲ್ಲಿಂದ ಒಂದು ಹೆಜ್ಜೆ ಮುಂದೆ ಒಯ್ಯುವುದಿಲ್ಲ, ಈ ಗುಡ್ಡಕ್ಕೆ ಆಂಬ್ಯುಲೆನ್ಸ್ ಹತ್ತುವುದಿಲ್ಲ, ಹೆಲಿಕಾಪ್ಟರೇ ಬರಬೇಕು ಎಂದು ಅವಳು ಜೋರಿಲ್ಲದ ದನಿಯಲ್ಲಿ ಹೇಳಿದಳು. ಕಾಲಿನ್‌ನ ಹೆಂಡತಿ ತನ್ನ ಕೋಟು ಬಿಚ್ಚಿ ಕಲ್ಲಿನ ಮೇಲೆ ಹಾಸಿ, ಕೂತುಕೊಳ್ಳಿ ಎಂದಳು. ಅವನು ಕೂತ. ಯಾವ ರೋಗವೂ ಇಲ್ಲದ ಅವನ ಎದೆ ಆಗ ನಿಜಕ್ಕೂ ಬಡಿದುಕೊಳ್ಳುತ್ತಿತ್ತು, ಸಿಟ್ಟಿಗೆ: ಈ ಕೋಟಿನ ಮೇಲೆ, ಈ ಕರುಣೆಯ ಮೇಲೆ, ಕುದುರೆಯ ಕತ್ತು ಸವರುತ್ತ ಬಾಯಿ ಬಿಡದೆ ನಿಂತ ಮಗಳ ಮೇಲೆ.

ಸಿಗ್ನಲ್ ಹುಡುಕುತ್ತ ಲಿನ್ ಗೋಡೆಯ ಮೇಲೆ ಹತ್ತಿ ಪಬ್ಬಿಗೆ ಫೋನ್ ಮಾಡಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಮಿಸೆಸ್ ಹಾಲಂ ಹೌದು ಹೌದು ಎಂದಳು. ಕೋಣೆ ಗುಡಿಸುವಾಗ ಸಿಕ್ಕಿತು, ಯಾವುದೋ ಕುದುರೆಯ ಸಾಮಾನು ಅಂದುಕೊಂಡೆ. ಆಮೇಲೆ ಫೋನು ಕೆಳಗಿಟ್ಟ ಸದ್ದು, ಅವಳು ಹೋಗಿ ಬಂದ ಸದ್ದು. ತೆರೆದು ನೋಡಿದೆ ಡಕ್, ಇದರಲ್ಲಿ ಮಾತ್ರೆ ಒಂದೂ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ಇದ್ದಿಲಿದೆ.

ಕಲ್ಲಿದ್ದಲು ಎಂದು ಅವಳು ನಿರ್ದಿಷ್ಟವಾಗಿ ಹೇಳಿದಳು. ಈ ಕಡೆ ಹೊಸ ವರ್ಷದ ರಾತ್ರಿ ಕಪ್ಪು ಕೂದಲಿನ ಗಂಡಸೊಬ್ಬ ಕಲ್ಲಿದ್ದಲಿನ ತುಂಡು ಹಿಡಿದು ಹೊಸ್ತಿಲು ದಾಟಿ ಬಂದರೆ ಮನೆಗೆ ಶುಭ. ಅವಳ ತಾಯಿಯ ಮನೆಯಲ್ಲಿ ಹಾಗೆ ಮಾಡುತ್ತಿದ್ದರಂತೆ. ಕಾಲಿನ್‌ಗೆ ಇಷ್ಟು ಸಾಕಾಯಿತು. ಕಪ್ಪು ಗಂಡಸು, ಕೊರಳಲ್ಲಿ ಅವನದೇ ಇದ್ದಿಲು. ಡಾಕ್ಟರೇ, ಹೊಸ ವರ್ಷಕ್ಕೆ ನಮ್ಮ ಮನೆಗೇ ಬಂದುಬಿಡಿ ಎಂದ. ಎಲ್ಲರ ಮುಖ ನೋಡಿದ. ಅವನ ಹೆಂಡತಿ ನಕ್ಕಳು, ಲಿನ್ ಕೂಡ ತಡೆದುಕೊಳ್ಳಲಾರದೆ ನಕ್ಕಳು. ಮೃತ್ಯುಂಜಯ ನಕ್ಕ. ತನ್ನ ಮುಖದಲ್ಲಿ ಆ ನಗು ಅಗಲವಾಗುವುದು ಅವನಿಗೆ ಚರ್ಮದ ಮೇಲೆ ಗೊತ್ತಾಯಿತು.

ಮೇಧಾ ಕುದುರೆಯ ಕತ್ತಿನಿಂದ ಕೈ ತೆಗೆದಳು. ಚಿಕ್ಕಂದಿನಿಂದ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು, ಅಜ್ಜಿಯಿಂದ ಕಲಿತು ಹಾಗೇ ಉಳಿಸಿಕೊಂಡಿದ್ದ ಕನ್ನಡದಲ್ಲಿ, ಒಂದೊಂದೇ ಶಬ್ದ ಆರಿಸಿಕೊಂಡು ಹೇಳಿದಳು: “ಅಪ್ಪಾ, ನೀವ ಹೇಳ್ರಿ. ನನ್ನ ಕಡಿಂದ ಹೇಳಸಬ್ಯಾಡ್ರಿ.”

ಹೇಳುತ್ತೇನೆ ಎಂದುಕೊಂಡ. ಶಬ್ದ ಹುಡುಕಿದ. ದೇವರು ಎಂದರೆ ತಪ್ಪು, ವಿಗ್ರಹ ಎಂದರೆ ಇನ್ನೂ ತಪ್ಪು, ಸಂಕೇತ ಎಂದರೆ ಹೇಡಿತನ. ಶಾಲೆಯಲ್ಲಿ ಆ ಹೆಂಗಸಿನೆದುರು ಶಬ್ದಗಳು ಹೇಗೆ ಸಾಲಾಗಿ ಬಂದಿದ್ದವು? ಅಂದು ಲಿಂಗ ಇದ್ದದ್ದು ಮಗಳ ಕೊರಳಲ್ಲಿ. ಅಷ್ಟರಲ್ಲಿ ಫೋನಿನಿಂದ, ಗಾಳಿಗೆ ಕತ್ತರಿಸಿ ಕತ್ತರಿಸಿ, ಮಿಸೆಸ್ ಹಾಲಂಳ ದನಿ ಬಂತು: ಪಾಪ, ಬೆಳ್ಳಿ ಡಬ್ಬಿ ಚೆನ್ನಾಗಿದೆ. ಈ ಇದ್ದಿಲು ಬೆಂಕಿಗೆ ಹಾಕಿ, ಡಬ್ಬಿ ತೊಳೆದು ಪೋಸ್ಟ್ ಮಾಡಲಾ?

“ಮುಟ್ಟಬ್ಯಾಡ್ರಿ!”

ಕನ್ನಡದಲ್ಲಿ ಕೂಗಿದ್ದು ಅವನಿಗೆ ಆಮೇಲೆ ಗೊತ್ತಾಯಿತು. ಮೇಜರ್ ತಲೆ ಎತ್ತಿ ಎರಡು ಹೆಜ್ಜೆ ಹಿಂದೆ ಸರಿಯಿತು; ಲಿನ್ ಗೋಡೆಯ ಮೇಲೆ ಸಮತೋಲ ತಪ್ಪಿ ಕಲ್ಲು ಹಿಡಿದುಕೊಂಡಳು. ಅವನು ಎದ್ದು ನಿಂತಿದ್ದ. ಇಂಗ್ಲಿಷಿಗೆ ಬಂದ. ಅದು ಇದ್ದಿಲಲ್ಲ, ಮಾತ್ರೆಯ ಡಬ್ಬಿಯೂ ಅಲ್ಲ, ಅದಕ್ಕೆ ಲಿಂಗ ಅನ್ನುತ್ತಾರೆ, ಅದನ್ನು ಹಿಡಿದು ನಾನು ಪೂಜೆ ಮಾಡುತ್ತೇನೆ, ನಿಮ್ಮ ಕೈ ಬೆಂಕಿಯಿಂದ ದೂರ ಇರಲಿ, ಎಲ್ಲರ ಕೈಯೂ ದೂರ ಇರಲಿ ಎಂದು, ಅವನ ಆಪರೇಷನ್ ಥಿಯೇಟರಿನಲ್ಲಿ ಯಾರೂ ಕೇಳಿರದ ದನಿಯಲ್ಲಿ ಹೇಳಿದ. ಫೋನಿನಲ್ಲಿ ಮಿಸೆಸ್ ಹಾಲಂ ಸಣ್ಣ ದನಿಯಲ್ಲಿ, ಆಯಿತು, ಹಾಗೇ ಇಟ್ಟೆ, ಎಂದಳು.

ಲಿನ್ ಗೋಡೆಯಿಂದ ಇಳಿದಳು. ಅವಳ ಮುಖದಲ್ಲಿ ಈಗ ಡಕ್ ಇರಲಿಲ್ಲ. “ನಿನಗೆ ಹೃದಯದ ಕಾಯಿಲೆ ಇಲ್ಲ?”

“ಇಲ್ಲ.”

“ಪೂಜೆ ಮಾಡೋದು ಅಂತ ನಿನ್ನೆ ಹೇಳಿದ್ದರೆ ನಾನೇನು ಮಾಡುತ್ತಿದ್ದೆ ಅಂದುಕೊಂಡೆ?”

ಅವಳು ಉತ್ತರಕ್ಕೆ ಕಾಯಲಿಲ್ಲ. ತನ್ನ ಕುದುರೆಯ ಮೇಲೆ ಕೂತವನು ಮೈಯ ವಿಷಯದಲ್ಲಿ ಸುಳ್ಳು ಹೇಳಿದರೆ ತಾನು ಹೇಗೆ ಕಾಪಾಡಲಿ, ಡಾಕ್ಟರಾಗಿ ಇಷ್ಟು ಗೊತ್ತಿಲ್ಲವೇ ಎಂದಳು. ಆಪರೇಷನ್ನಿಗೆ ಮುಂಚೆ ಊಟ ಮಾಡಿಯೂ ಮಾಡಿಲ್ಲ ಎನ್ನುವ ರೋಗಿಗಳಿಗೆ ಅವನು ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದೇ ಮಾತು. ಅವನನ್ನು ಓಲ್ಡ್ ಜ್ಯಾಗರಿಗೆ ಕರೆದೊಯ್ಯಲು ಅವಳು ವ್ಯಾನ್ ಕರೆಸಿದಳು. ಗುಡ್ಡದ ಬುಡದ ರಸ್ತೆಯವರೆಗೆ ಅವನು ನಡೆದೇ ಇಳಿದ. ಹಿಂತಿರುಗಿ ನೋಡಿದಾಗ ಉಳಿದವರು ಹೊರಟಿದ್ದರು. ಮೇಜರನ ಲಗಾಮನ್ನು ಮೇಧಾ ತನ್ನ ಕೈಯಲ್ಲಿ ಹಿಡಿದಿದ್ದಳು. ಖಾಲಿ ಜೀನು ಅವಳ ಪಕ್ಕದಲ್ಲಿ, ಇಬ್ಬರೇ ಹೋಗುತ್ತಿರುವ ಹಾಗೆ, ಏರುತ್ತ ಇಳಿಯುತ್ತ ಹೋಯಿತು.

ವ್ಯಾನಿನಲ್ಲಿ ಅವನು ಮಿಸೆಸ್ ಹಾಲಂಗೆ ಹೇಳಬೇಕಾದದ್ದನ್ನೆಲ್ಲ ಜೋಡಿಸಿಕೊಂಡ. ಬೇರೆಯವರ ವಸ್ತು ತೆರೆಯಲು ನಿನಗೆ ಯಾರು ಹೇಳಿದರು. ಗೊತ್ತಿಲ್ಲದ್ದನ್ನು ಬೆಂಕಿಗೆ ಹಾಕುವುದೇ ಏನು ನಿಮ್ಮ ಪದ್ಧತಿ. ಪಬ್ಬಿನ ಬಾಗಿಲು ತೆರೆದಾಗ ಅವಳು ಸ್ಟೂಲಿನ ಮೇಲೆ ನಿಂತಿದ್ದಳು. ಬೆಳಗ್ಗೆ ತೊಲೆಯ ಹಿತ್ತಾಳೆ ಬಿಲ್ಲೆಗಳ ನಡುವೆ, ಅದೂ ಅವುಗಳದೇ ಜಾತಿಯದೆಂದು ತಿಳಿದು, ಕರಡಿಗೆಯನ್ನು ತೂಗುಹಾಕಿದ್ದಳಂತೆ. ಫೋನಿನಲ್ಲಿ ಕೇಳಿದಾಗ ಬಿಚ್ಚಿ ನೋಡಿ, ಡಬ್ಬಿ ಮತ್ತೆ ಅಲ್ಲೇ ಸಿಕ್ಕಿಸಿ, ಒಳಗಿನದನ್ನು ಕೈಯಲ್ಲಿ ಹಿಡಿದಿದ್ದಳು. ಈಗ ಡಬ್ಬಿ ಇಳಿಸಿದಳು. ಲಿಂಗ ಬಾರಿನ ಹಿಂದೆ, ತೊಳೆದು ಒರೆಸಿದ ಸಣ್ಣ ಗಾಜಿನ ಲೋಟದಲ್ಲಿತ್ತು, ತನ್ನದೇ ಬಟ್ಟೆಯಲ್ಲಿ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ನೀನು ಕೂಗಿದಾಗ ಇದು ನನ್ನ ಕೈಯಲ್ಲಿತ್ತು, ಒಲೆಯ ಹತ್ತಿರವೇ ಇದ್ದೆ ಎಂದಳು. ಮುಟ್ಟಿದ್ದರಿಂದ ಏನಾದರೂ ಕೆಟ್ಟಿತೇ? ಅವನು ಇಲ್ಲವೆಂದು ತಲೆಯಾಡಿಸಿ ಎಡಗೈ ಚಾಚಿದ. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದನ್ನೂ ಹೇಳಲಾಗದ್ದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಅಂಗೈ ಮೇಲೆ ಅದು ತಣ್ಣಗಿತ್ತು. ಯಾವಾಗಲೂ ಇದ್ದಷ್ಟೇ ಭಾರವಿತ್ತು.

ಆ ಸಂಜೆ ಮುಂದಿನ ಪಬ್ಬಿನಲ್ಲಿ ಮೇಧಾ ಲೀಡ್ಸಿನವರ ಟೇಬಲ್ಲಿನಲ್ಲಿ ಊಟ ಮಾಡಿದಳು. ಅವನು ಕುಡಿಯಲಿಲ್ಲ. ಅವ್ವ ಫೋನ್ ಮಾಡಿ ಕೇಳಿದಾಗ, ಬೆಳಗ್ಗೆ ಪೂಜೆ ಆಗಿರಲಿಲ್ಲ, ಆತು ಅಂದದ್ದು ಸುಳ್ಳು ಎಂದ. ಅವ್ವ, ಮಗಳು ಏನಂದಳು ಎಂದು ಕೇಳಿದಳು. ಮಗಳೊಂದಿಗೆ ಏನೋ ನಡೆದಿದೆಯೆಂದು ಅವ್ವನಿಗೆ ಹೇಗೆ ಗೊತ್ತಾಗಿತ್ತು ಎಂದು ಅವನು ವಿಚಾರಿಸಲಿಲ್ಲ.

ಬೆಳಗ್ಗೆ ಅಂಗಳದಲ್ಲಿ ಮೇಜರನ ಪಕ್ಕ ನಿಂತಾಗ ಲಿನ್ ಅವನ ಅಂಗಿಯ ಉಬ್ಬು ನೋಡಿದಳು. ತೆಗೆದು ಬ್ಯಾಗಿನ ಜೊತೆ ವ್ಯಾನಿಗೆ ಕೊಡು ಎಂದಳು, ನಿನ್ನೆಯ ಗಡಸು ಇನ್ನೂ ಇಳಿಯದ ದನಿಯಲ್ಲಿ. ಅವನು ಕೊಡುವುದಿಲ್ಲ, ಇದು ನನ್ನ ಮೈಮೇಲೆ ಇರುತ್ತದೆ ಎಂದ. ಹಾಗಾದರೆ ಅದು ಅಲ್ಲಾಡಕೂಡದು, ಅಲ್ಲಾಡಿದರೆ ನೀನು ಹತ್ತುವ ಹಾಗಿಲ್ಲ. ಕಾಲಿನ್ ಅಷ್ಟು ದೂರದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಇತ್ತಲೇ ಕಿವಿ ಕೊಟ್ಟಿದ್ದ. ಮೇಧಾ ತನ್ನ ಕುದುರೆಯಿಂದ ಇಳಿದಳು. ಲಿನ್‌ಳ ಪ್ರಥಮ ಚಿಕಿತ್ಸೆಯ ಚೀಲ ತೆರೆದು ಹುಡುಕಿ, ಅಗಲವಾದ ಬಿಳಿ ಟೇಪಿನ ಸುರುಳಿ ತಂದು ಅವನೆದುರು ನಿಂತಳು.

“ಅಂಗಿ ಬಿಚ್ಚರಿ.”

ಒಳಗೆ ಹೋಗಿ ಮಾಡಿಕೊಂಡು ಬರುತ್ತೇನೆ ಎಂಬ ಮಾತು ಬಾಯಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿದ. ಒಂದೊಂದೇ ಗುಂಡಿ ಬಿಚ್ಚಿ, ಬನಿಯನ್ನು ಕೊರಳವರೆಗೆ ಎತ್ತಿ ಹಿಡಿದ. ಬೆಳಗಿನ ತಣ್ಣನೆಯ ಗಾಳಿ ಸಡಿಲವಾದ ಹೊಟ್ಟೆಗೆ, ಎದೆಯ ನರೆಗೂದಲಿಗೆ ತಾಗಿತು. ಅಂಗಳದಲ್ಲಿ ಸಾಲಾಗಿ ನಿಂತವರು ನೋಡುತ್ತಿದ್ದರು: ಲಿನ್, ಕಾಲಿನ್, ಅವನ ಹೆಂಡತಿ, ಬ್ಯಾಗು ಎತ್ತಿಡುತ್ತಿದ್ದ ವ್ಯಾನಿನವನು. ನೋಡುವುದೇನಿದೆ ಎಂದು ಅವರ ಮೇಲೆ ಕೂಗಬೇಕೆನಿಸಿತು. ಮೇಧಾ ಕರಡಿಗೆಯನ್ನು ಎದೆಯ ನಡುವೆ ಸರಿಯಾಗಿ ಕೂರಿಸಿದಳು. ಹಲ್ಲಿನಿಂದ ಟೇಪ್ ಹರಿದಳು. ಒಂದು ಪಟ್ಟಿ ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ತುದಿಯಿಂದ ತುದಿಗೆ, ಅವನು ಒಂದು ಹೆಜ್ಜೆ ಹಿಂದಕ್ಕೆ ಹೋಗುವಷ್ಟು ಜೋರಾಗಿ ಒತ್ತಿದಳು. ಎಲ್ಲಿ ಒತ್ತಬೇಕು, ಎಷ್ಟು ಬಿಗಿಯಬೇಕು, ಎಲ್ಲ ಅವಳಿಗೆ ಗೊತ್ತಿತ್ತು.

“ನೋವಾತೇನು?” ಎಂದು ಕೇಳಿದಳು.

“ಇಲ್ಲ.”

“ಈಗ ಆಗಂಗಿಲ್ಲ” ಎಂದು ಅವಳು ಸುರುಳಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು. “ಸಂಜೀಕ ಕಿತ್ತುವಾಗ ಹೇಳ್ರಿ.”